ಆ ಗೆರೆ ಎಳೆಯುವ ಹಕ್ಕು ಯಾರದು?

ಪ್ರಶ್ನೆ: ನಾವು ಮೆಲ್ಬರ್ನ್‌ಗೆ ಬಂದು ಮೂರು ವರ್ಷವಾಯಿತು. ಹೋದ ತಿಂಗಳು ಮಗಳನ್ನು ಕರೆದುಕೊಂಡು ಇಲ್ಲಿನ ದೊಡ್ಡ ಗ್ಯಾಲರಿಗೆ ಹೋಗಿದ್ದೆ. ಮರುಭೂಮಿಯ ಮೂಲನಿವಾಸಿಗಳ ಚಿತ್ರಗಳನ್ನು ನೋಡಿದೆವು. ಕೆಲವು ಪೂರ್ತಿ ಚುಕ್ಕಿ. ಒಂದಂತೂ ಗೋಡೆಯಷ್ಟು ದೊಡ್ಡ ಕಪ್ಪು ಕ್ಯಾನ್ವಾಸ್, ಅದರ ತುಂಬ ಬಿಳಿ ಗೆರೆಗಳ ಸಿಕ್ಕು. ಪಕ್ಕದ ಫಲಕದಲ್ಲಿ ಕಲಾವಿದೆಯ ಊರು ಮತ್ತು ಒಂದು ಗೆಡ್ಡೆಯ ಹೆಸರು ಬರೆದಿತ್ತು. ಇವು ನೆಲದ ನಕ್ಷೆಗಳಾ? ನಮ್ಮ ಚುಕ್ಕಿ ರಂಗೋಲಿಯ ಥರ ಅಲಂಕಾರವಾ? ಮಗಳು ಶಾಲೆಗೆ ಇಂಥದ್ದೊಂದು ಬಿಡಿಸಿಕೊಂಡು ಹೋಗುತ್ತೇನೆ ಅಂತಿದ್ದಾಳೆ, ಬಿಡಿಸಬಹುದಾ? ಮನೆಗೆ ಒಂದು ಕೊಳ್ಳುವ ಆಸೆಯೂ ಇದೆ. ಏನು ನೋಡಿ ಕೊಳ್ಳಬೇಕು?

ಉತ್ತರ: ಆ ಕಪ್ಪು ಕ್ಯಾನ್ವಾಸ್‌ನಿಂದಲೇ ಶುರು ಮಾಡೋಣ. ನೀವು ಹೇಳಿದ್ದನ್ನು ನೋಡಿದರೆ ಅದು ಎಮಿಲಿ ಕಾಮೆ ಉಂಗ್ವಾರೆ 1995ರಲ್ಲಿ ಬಿಡಿಸಿದ ಚಿತ್ರ. ಅಗಲ 8 ಮೀಟರ್, ಎತ್ತರ ಹೆಚ್ಚುಕಡಿಮೆ 3 ಮೀಟರ್. ಆಗ ಆಕೆಗೆ ಎಂಬತ್ತು ದಾಟಿತ್ತು. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಅದರ ಮೇಲೇ ಕೂತು, ಎರಡು ದಿನದಲ್ಲಿ ಮುಗಿಸಿದರು.

ಬಿಳಿ ಗೆರೆಗಳು ಒಂದು ಗೆಡ್ಡೆಯ ಬೇರುಗಳು. ಎಮಿಲಿಯವರ ಅನ್ಮಚೆರ್ ಭಾಷೆಯಲ್ಲಿ ಅದರ ಹೆಸರು ಅನ್ವೆರ್ಲಾರ್. ಪೆನ್ಸಿಲ್‌ನ ಹಾಗೆ ಉದ್ದುದ್ದ ಗೆಡ್ಡೆ ಬಿಡುವ ಬಳ್ಳಿ ಅದು. ಹೇಳಿದರೆ ನಿಮಗೆ ಖುಷಿಯಾಗಬಹುದು: ನಮ್ಮ ಉದ್ದು, ಹೆಸರು, ಅಲಸಂದೆ ಯಾವ ಕುಲದವೋ ಇದೂ ಅದೇ ಕುಲದ್ದು. ಮಳೆ ಬಿದ್ದಾಗ ಬಳ್ಳಿ ಹಬ್ಬುತ್ತದೆ, ಹಳದಿ ಹೂ ಬಿಡುತ್ತದೆ. ಆಮೇಲೆ ಮೇಲಿನದೆಲ್ಲ ಒಣಗಿ ಮಾಯವಾಗುತ್ತದೆ. ಒಳಗೆ ಗೆಡ್ಡೆ ಬಲಿತಾಗ ಮೇಲಿನ ನೆಲ ಬಿರಿಯುತ್ತದೆ. ಹೆಂಗಸರು ಆ ಬಿರುಕು ನೋಡಿಯೇ ಅಗೆಯುತ್ತಾರೆ. ಹಾಗಾಗಿ ಆ ಗೆರೆಗಳು ಬೇರೂ ಹೌದು, ಬಿರುಕೂ ಹೌದು. ಹೆಂಗಸರು ತಮ್ಮದೇ ಆಚರಣೆಗೆ ಸೇರಿದಾಗ ಎದೆ, ತೋಳಿನ ಮೇಲೆ ಬಣ್ಣದ ಪಟ್ಟೆ ಎಳೆದುಕೊಳ್ಳುತ್ತಾರೆ. ಆ ಆಚರಣೆಗೂ ಆ ಪಟ್ಟೆಗೂ ಒಂದೇ ಹೆಸರು, ಅವೆಲ್ಯೆ. ಎಮಿಲಿಯ ಗೆರೆಗಳಲ್ಲಿ ಅವೂ ಇವೆ.

ಇನ್ನು ಆಕೆಯ ಹೆಸರು ನೋಡಿ. ಕಾಮೆ ಅಂದರೆ ಇದೇ ಬಳ್ಳಿಯ ಬೀಜ. ಆಕೆ ಹುಟ್ಟಿದ್ದು ಅಲ್ಹಾಲ್ಕರ್ ಎಂಬ ಜಾಗದಲ್ಲಿ. ಅದು ಆಸ್ಟ್ರೇಲಿಯಾದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್ ಊರಿನಿಂದ ಈಶಾನ್ಯಕ್ಕೆ 200 ಕಿಲೋಮೀಟರ್‌ಗೂ ಜಾಸ್ತಿ ದೂರ. ಆ ನೆಲಕ್ಕೂ ಆ ಬಳ್ಳಿಗೂ ಆಕೆ ವಾರಸುದಾರಳು. ಏನು ಬಿಡಿಸಿದ್ದೀರಿ ಅಂತ ಯಾರಾದರೂ ಕೇಳಿದರೆ 'ಎಲ್ಲಾ' ಅನ್ನುತ್ತಿದ್ದರು. ಎಲ್ಲಾ ಅಂದರೆ ಅಲ್ಹಾಲ್ಕರ್‌ನಲ್ಲಿ ಇರುವುದೆಲ್ಲ: ಗೆಡ್ಡೆ, ಬೀಜ, ಎಮು ಹಕ್ಕಿ, ಓತಿ, ಹುಲ್ಲು. ಬಟ್ಟೆಗೆ ಮೇಣ ಹಚ್ಚಿ ಬಣ್ಣ ಅದ್ದುವ ಬಾಟಿಕ್ ಕೆಲಸವನ್ನು ಆಕೆ ಹತ್ತು ವರ್ಷ ಮಾಡಿದ್ದರು. ಕ್ಯಾನ್ವಾಸ್ ಹಿಡಿದಿದ್ದು 1988ರ ಕೊನೆಗೆ. 1996ರಲ್ಲಿ ತೀರಿಕೊಂಡರು. ಆ ಎಂಟು ವರ್ಷದಲ್ಲಿ ಬಿಡಿಸಿದ್ದು ಸುಮಾರು 3,000 ಚಿತ್ರ. ಅಷ್ಟೂ ಚಿತ್ರಗಳ ವಿಷಯ ಒಂದೇ ಊರು.

ಇವು ನಕ್ಷೆಯಾ ಅಂತ ಕೇಳಿದ್ದೀರಿ. ಒಂದು ಮಟ್ಟಿಗೆ ಹೌದು. ಆದರೆ ನಕ್ಷೆಯನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ಸರ್ವೆಯವರು ಬಂದು ಅಳೆದು ಬರೆದುಕೊಂಡು ಹೋಗಬಹುದು. ಈ ಚಿತ್ರಗಳನ್ನು ಹಾಗೆ ಬರೆಯಲಾಗದು. ಚಿತ್ರ ಚೆನ್ನಾಗಿದೆಯಾ ಅನ್ನುವುದು ಅಲ್ಲಿಯವರಿಗೆ ಆಮೇಲಿನ ಮಾತು. ಮೊದಲ ಮಾತು, ಇದನ್ನು ಬಿಡಿಸಿದವರು ಯಾರು, ಆ ಹಕ್ಕು ಅವರಿಗೆ ಯಾರಿಂದ ಬಂತು ಅನ್ನುವುದು. ನನ್ನ ಇಡೀ ಉತ್ತರ ಈ ಒಂದು ಮಾತಿನ ಸುತ್ತ ಇದೆ. ಮಗಳ ಪ್ರಶ್ನೆಗೆ, ಕೊಳ್ಳುವ ಪ್ರಶ್ನೆಗೆ ಉತ್ತರವೂ ಇದರಿಂದಲೇ ಬರುತ್ತದೆ.

ಗ್ಯಾಲರಿ ಫಲಕಗಳಲ್ಲಿ 'ಡ್ರೀಮಿಂಗ್' ಅನ್ನುವ ಪದ ಕಂಡಿರುತ್ತೀರಿ. ಅದನ್ನು ಕನಸು ಅಂತ ಓದಿಕೊಂಡರೆ ದಾರಿ ತಪ್ಪುತ್ತದೆ. ಬಿಳಿಯ ವಿದ್ವಾಂಸರು ನೂರು ವರ್ಷಕ್ಕೂ ಹಿಂದೆ ಮಾಡಿದ ಅನುವಾದ ಅದು. ಮರುಭೂಮಿಯ ಮೂಲನಿವಾಸಿಗಳಲ್ಲಿ ವಾರ್ಲ್ಪಿರಿ ಜನ ಅದನ್ನು ಜುಕುರ್ಪಾ ಅನ್ನುತ್ತಾರೆ, ಪಿಂಟುಪಿ ಜನ ಚುಕುರ್ಪಾ ಅನ್ನುತ್ತಾರೆ. ಪೂರ್ವಿಕರು ನೆಲದೊಳಗಿಂದ ಎದ್ದರು. ಕೆಲವರು ಮನುಷ್ಯರ ರೂಪದಲ್ಲಿ, ಕೆಲವರು ಕಾಂಗರೂ, ಹಾವು, ಇರುವೆ, ಮಳೆಯ ರೂಪದಲ್ಲಿ. ನಡೆದರು, ಬೇಟೆಯಾಡಿದರು, ಜಗಳವಾಡಿದರು, ಕುಣಿದರು. ಅವರು ಕೂತ ಕಡೆ ನೀರಿನ ಗುಂಡಿ ಆಯಿತು. ಬಿದ್ದ ಕಡೆ ಬಂಡೆ ಆಯಿತು. ಕೊನೆಗೆ ನೆಲದೊಳಕ್ಕೇ ಹೋದರು. ಅವರು ಹಾಕಿದ ಕಟ್ಟಳೆ ಹಾಗೇ ಉಳಿಯಿತು: ಯಾರು ಯಾರನ್ನು ಮದುವೆಯಾಗಬೇಕು, ಬೇಟೆಯನ್ನು ಹೇಗೆ ಹಂಚಬೇಕು, ಯಾವ ಜಾಗಕ್ಕೆ ಯಾರು ಹೋಗಬಾರದು. ಇದು ಮುಗಿದುಹೋದ ಕಾಲದ ಕಥೆ ಅಂತ ಅವರು ಹೇಳುವುದಿಲ್ಲ. ಆ ಪೂರ್ವಿಕ ಈಗಲೂ ಆ ಬಂಡೆಯಲ್ಲಿ ಇದ್ದಾನೆ. ಹಾಡಿ, ಕುಣಿದು, ಬಣ್ಣ ಹಚ್ಚಿ ಅವನನ್ನು ನೋಡಿಕೊಳ್ಳುವ ಕೆಲಸ ಈಗಿರುವವರದು.

ಆ ಕೆಲಸ ಯಾರಿಗೆ ಬರುತ್ತದೆ? ವಾರ್ಲ್ಪಿರಿ ಜನರ ಪದ್ಧತಿ ಹೇಳುತ್ತೇನೆ, ಅದು ಚೆನ್ನಾಗಿ ದಾಖಲಾಗಿದೆ. ತಂದೆಯ ಕಡೆಯಿಂದ ಬಂದ ನೆಲಕ್ಕೆ ನೀವು ಕಿರ್ಡಾ, ಅಂದರೆ ಒಡೆಯರು. ತಾಯಿಯ ಕಡೆಯಿಂದ ಬಂದ ನೆಲಕ್ಕೆ ನೀವು ಕುರ್ದುಂಗುರ್ಲು. ಈ ಪದಕ್ಕೆ ಕಾವಲುಗಾರ, ಮೇಲ್ವಿಚಾರಕ ಅಂತೆಲ್ಲ ಹೇಳಬಹುದು. ಒಡೆಯ ತನ್ನ ನೆಲದ ಕಥೆ ಬಿಡಿಸುತ್ತಾನೆ. ಅದು ಸರಿಯಾಗಿದೆಯಾ ಅಂತ ನೋಡುವವರು ಅವನ ಅಕ್ಕತಂಗಿಯರ ಮಕ್ಕಳು. ತಪ್ಪಿದರೆ ತಿದ್ದುತ್ತಾರೆ. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಪೂರ್ತಿಯಾಗುವುದಿಲ್ಲ. ನಮ್ಮಲ್ಲಿ ಜಮೀನು ಯಾರದು ಅಂದರೆ ಪಹಣಿ ತೆಗೆದು ತೋರಿಸುತ್ತೇವೆ. ಅಲ್ಲಿ ಕಾಗದವೇ ಇರಲಿಲ್ಲ. ಆ ಜಾಗದ ಹಾಡು ಗೊತ್ತಿರುವುದು, ಕುಣಿತ ಗೊತ್ತಿರುವುದು, ಮೈಮೇಲೆ ಮತ್ತು ನೆಲದ ಮೇಲೆ ಆ ಚಿತ್ರ ಬಿಡಿಸಲು ಬರುವುದು, ಇವೇ ಪಹಣಿ.

ಅಂದಹಾಗೆ, ಫಲಕಗಳಲ್ಲಿ ಚಪಲ್ಚಾರಿ, ಚಂಪಿಚಿನ್ಪ, ನುಂಗುರಾಯಿ ಅಂತ ಒಂದೇ ಕೊನೆಯ ಹೆಸರು ಮತ್ತೆ ಮತ್ತೆ ಬರುತ್ತದೆ. ಇವರೆಲ್ಲ ಒಂದೇ ಮನೆಯವರಾ ಅಂತ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಅಲ್ಲ. ಇಡೀ ಸಮಾಜವನ್ನು ಎಂಟು ಗುಂಪು ಮಾಡಿಕೊಂಡಿದ್ದಾರೆ. ಇದು ಆ ಗುಂಪಿನ ಹೆಸರು. ನಮ್ಮ ಬೆಡಗು, ಬಳಿಗಳ ಹಾಗೆ ಮದುವೆ ಯಾರೊಂದಿಗೆ ಆಗಬಹುದು ಅನ್ನುವುದನ್ನು ಇದು ಹೇಳುತ್ತದೆ. ಆದರೆ ಮಗುವಿನ ಗುಂಪು ತಂದೆಯದೂ ಆಗಿರುವುದಿಲ್ಲ, ತಾಯಿಯದೂ ಆಗಿರುವುದಿಲ್ಲ. ಪಿಂಟುಪಿ ಮತ್ತು ವಾರ್ಲ್ಪಿರಿಯಲ್ಲಿ ಹೆಂಗಸರ ಹೆಸರು 'ನ'ಕಾರದಿಂದ ಶುರುವಾಗುತ್ತದೆ. ಫಲಕ ನೋಡಿದ ಕೂಡಲೇ ಬಿಡಿಸಿದವರು ಹೆಣ್ಣೋ ಗಂಡೋ ಗೊತ್ತಾಗುತ್ತದೆ.

ಈಗ ಚಿತ್ರದ ಗುರುತುಗಳಿಗೆ ಬರೋಣ. ಇವೆಲ್ಲ ಮರಳಿನಿಂದ ಬಂದವು. ಅಜ್ಜಿಯರು ಕಥೆ ಹೇಳುವಾಗ ಮುಂದಿನ ಮರಳನ್ನು ಅಂಗೈಯಿಂದ ಸವರಿ, ಬೆರಳಿನಿಂದ ಗುರುತು ಹಾಕುತ್ತ ಹೋಗುತ್ತಾರೆ. ಕಥೆ ಮುಂದೆ ಹೋದರೆ ಅಳಿಸುತ್ತಾರೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎದ್ದರೆ ಮರಳಿನಲ್ಲಿ ಲಾಳದ ಆಕಾರದ ಅಚ್ಚು ಬೀಳುತ್ತದೆ. ಆ ಲಾಳವೇ ಮನುಷ್ಯ. ಪಕ್ಕದಲ್ಲಿ ನೇರ ಗೆರೆ ಮತ್ತು ಮೊಟ್ಟೆಯಾಕಾರ ಇದ್ದರೆ ಅದು ಅಗೆಯುವ ಕೋಲು ಮತ್ತು ಮರದ ತಟ್ಟೆ, ಅಂದರೆ ಕೂತವಳು ಹೆಂಗಸು. ಒಂದರೊಳಗೊಂದು ವೃತ್ತಗಳಿದ್ದರೆ ನೀರಿನ ಗುಂಡಿಯೋ ಬಿಡಾರವೋ ಪವಿತ್ರ ಜಾಗವೋ ಇರಬಹುದು. ಎರಡು ವೃತ್ತಗಳನ್ನು ಸೇರಿಸುವ ಗೆರೆ ದಾರಿ. ಮೂರು ಬೆರಳಿನ ಬಾಣದಂಥ ಗುರುತು ಎಮು ನಡೆದ ಹೆಜ್ಜೆ. ಎರಡು ಪಾದದ ನಡುವೆ ಉದ್ದ ಗೆರೆ ಇದ್ದರೆ ಕಾಂಗರೂ ಬಾಲ ಎಳೆದುಕೊಂಡು ಹೋಗಿದೆ. ಬೇಟೆಯವರು ಲೋಕವನ್ನು ಹೆಜ್ಜೆಗುರುತಿನಿಂದ ಓದುತ್ತಾರೆ. ಚಿತ್ರದಲ್ಲೂ ಪ್ರಾಣಿಯ ಬದಲು ಅದು ಬಿಟ್ಟುಹೋದ ಗುರುತೇ ಇರುತ್ತದೆ.

ಆದರೆ ಈ ಪಟ್ಟಿ ಇಟ್ಟುಕೊಂಡು ಚಿತ್ರ ಓದಿಬಿಡಬಹುದು ಅಂದುಕೊಳ್ಳಬೇಡಿ. ಅದೇ ವೃತ್ತ ಒಂದು ಚಿತ್ರದಲ್ಲಿ ಬೆಂಕಿ, ಇನ್ನೊಂದರಲ್ಲಿ ಮರ, ಮತ್ತೊಂದರಲ್ಲಿ ಮೊಲೆ. ಯಾವುದು ಅನ್ನುವುದು ಕಥೆ ಗೊತ್ತಿದ್ದವರಿಗೆ ಗೊತ್ತು. ಮೇಲೆ ಕೆಳಗೆ ಅನ್ನುವುದೂ ಇಲ್ಲ. ಕ್ಯಾನ್ವಾಸ್ ನೆಲದ ಮೇಲಿರುತ್ತದೆ, ನಾಲ್ಕೂ ಕಡೆ ಕೂತು ಬಿಡಿಸುತ್ತಾರೆ. ಗೋಡೆಗೆ ನೇತುಹಾಕುವಾಗ ಯಾವುದನ್ನು ಮೇಲೆ ಮಾಡಿದರು ಅನ್ನುವುದು ಗ್ಯಾಲರಿಯವರ ಅನುಕೂಲ.

ಚುಕ್ಕಿ ರಂಗೋಲಿಯ ಮಾತು ಕೇಳಿದ್ದು ಒಳ್ಳೆಯದಾಯಿತು. ನಾವು ಮೊದಲು ಚುಕ್ಕಿ ಇಡುತ್ತೇವೆ. ಚುಕ್ಕಿಯ ಲೆಕ್ಕ ಸರಿ ಇದ್ದರೆ ಗೆರೆ ತಾನಾಗಿ ಕೂರುತ್ತದೆ. ಅಲ್ಲಿ ಉಲ್ಟಾ. ವೃತ್ತ, ದಾರಿ, ಹೆಜ್ಜೆ ಮೊದಲು, ಚುಕ್ಕಿ ಕೊನೆಗೆ. ಈ ಚುಕ್ಕಿಗಳ ಹಿಂದೆ ಒಂದು ದೊಡ್ಡ ಕಥೆ ಇದೆ. ಅದಕ್ಕೆ 1971ಕ್ಕೆ ಹೋಗಬೇಕು.

ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮ-ವಾಯವ್ಯಕ್ಕೆ ಸುಮಾರು 240 ಕಿಲೋಮೀಟರ್ ದೂರದಲ್ಲಿ ಪಾಪುನ್ಯಾ ಅಂತ ಊರು. 1960ರ ಸುಮಾರಿಗೆ ಸರ್ಕಾರವೇ ಕಟ್ಟಿದ್ದು. ಪಿಂಟುಪಿ, ಲುರಿಚಾ, ವಾರ್ಲ್ಪಿರಿ, ಅನ್ಮಚೆರ್, ಅರಂಡ ಜನರನ್ನೆಲ್ಲ ತಂದು ಅಲ್ಲಿ ಒಟ್ಟಿಗೆ ಇಟ್ಟರು. ಬಿಳಿಯರ ಥರ ಬದುಕಲು ಕಲಿಸುವುದು ಉದ್ದೇಶ. ಪಿಂಟುಪಿಗಳ ಊರು ಇನ್ನೂ ನೂರಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು. ಬೇರೆಯವರ ನೆಲದಲ್ಲಿ ಕೂತು, ತಮ್ಮ ಊರನ್ನು ನೆನೆಸಿಕೊಂಡು ಅಳುತ್ತಿದ್ದ ಜನ ಅವರು. ಬಂದವರಲ್ಲಿ ತುಂಬ ಮಂದಿ ಕಾಯಿಲೆಯಿಂದ ಸತ್ತರು.

1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ತರುಣ ಮೇಷ್ಟ್ರು ಅಲ್ಲಿಯ ಶಾಲೆಗೆ ಬಂದರು. ಮಕ್ಕಳು ಮರಳಿನಲ್ಲಿ ಗುರುತು ಹಾಕಿಕೊಂಡು ಮಾತಾಡುವುದನ್ನು ಕಂಡರು. ಕಾಗದದ ಮೇಲೂ ಅದನ್ನೇ ಬಿಡಿಸಿ ಅಂದರು. ಮಕ್ಕಳಿಗಿಂತ ಜಾಸ್ತಿ ಆಸಕ್ತಿ ಬಂದಿದ್ದು ಶಾಲೆಯ ಅಂಗಳ ನೋಡಿಕೊಳ್ಳುತ್ತಿದ್ದ ಹಿರಿಯರಿಗೆ. ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕಥೆ ಬಿಡಿಸೋಣ ಅಂತಾಯಿತು. ಹೊಟ್ಟೆಯಲ್ಲಿ ಸಿಹಿ ತುಂಬಿಕೊಳ್ಳುವ ಇರುವೆ ಅದು. ಪಾಪುನ್ಯಾ ಇರುವ ಜಾಗವೇ ಜೇನಿರುವೆ ಪೂರ್ವಿಕರ ಜಾಗ. ಓಲ್ಡ್ ಟಾಮ್ ಆನಿಯನ್ ಚಪಂಗಾಟಿ ಎಂಬ ಹಿರಿಯ ಆ ಕಥೆಯ ಒಡೆಯ. ಅವರು ಒಪ್ಪಿಗೆ ಕೊಟ್ಟ ಮೇಲೇ ಗೋಡೆಗೆ ಬಣ್ಣ ಬಿದ್ದಿದ್ದು. ಮುಂದೆ ನಿಂತು ಬಿಡಿಸಿದವರು ಕಾಪಾ ಚಂಪಿಚಿನ್ಪ. ಅದೇ ವರ್ಷ ಆಗಸ್ಟ್‌ನಲ್ಲಿ ಅವರ ಒಂದು ಚಿತ್ರಕ್ಕೆ ಆಲಿಸ್ ಸ್ಪ್ರಿಂಗ್ಸ್‌ನ ಸ್ಪರ್ಧೆಯಲ್ಲಿ ಮೊದಲ ಬಹುಮಾನದಲ್ಲಿ ಪಾಲು ಬಂತು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಹಲಗೆಯ ಚೂರು, ನೆಲಹಾಸಿನ ತುಂಡು, ಕೈಗೆ ಸಿಕ್ಕಿದ್ದರ ಮೇಲೆಲ್ಲ ಬಿಡಿಸಿದರು. 1972ರಲ್ಲಿ ಪಾಪುನ್ಯಾ ಟುಲಾ ಎಂಬ ತಮ್ಮದೇ ಕಂಪನಿ ಕಟ್ಟಿಕೊಂಡರು. ಅದು ಈಗಲೂ ಇದೆ, ಈಗಲೂ ಅವರದೇ. ಶಾಲೆಯ ಗೋಡೆ ಮಾತ್ರ ಉಳಿಯಲಿಲ್ಲ. ಕೆಲವೇ ವರ್ಷದಲ್ಲಿ ಅದರ ಮೇಲೆ ಬೇರೆ ಬಣ್ಣ ಬಳಿದುಬಿಟ್ಟರು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಮೊದಲ ಎರಡು ವರ್ಷದ ಹಲಗೆಗಳಲ್ಲಿ ಒಂದು ತೊಡಕಾಯಿತು. ಗಂಡಸರ ಗುಪ್ತ ಆಚರಣೆಯ ವಸ್ತುಗಳು, ಮೈಬಣ್ಣದ ವಿವರಗಳು ಅವುಗಳಲ್ಲಿ ನೇರವಾಗಿ ಕಾಣುತ್ತಿದ್ದವು. ದೀಕ್ಷೆ ಆಗದವರು ಅದನ್ನು ನೋಡಬಾರದು. ಹೆಂಗಸರು, ಮಕ್ಕಳು ನೋಡಬಾರದು. ದೂರದ ಪಟ್ಟಣದಲ್ಲಿ ಯಾರೋ ಕೊಳ್ಳುತ್ತಾರೆ, ನಮ್ಮವರ ಕಣ್ಣಿಗೆ ಬೀಳುವುದಿಲ್ಲ ಅಂತ ಬಿಡಿಸಿದವರು ಅಂದುಕೊಂಡಿದ್ದರು. ಚಿತ್ರಗಳು ಪ್ರದರ್ಶನಕ್ಕೆ ಬಂದಾಗ ಬೇರೆ ಮೂಲನಿವಾಸಿ ಗುಂಪುಗಳ ಹಿರಿಯರು ನೋಡಿ ಸಿಟ್ಟಾದರು. ಇದು ನಿಮ್ಮೊಬ್ಬರದಲ್ಲ, ಬಯಲಿಗೆ ಹೇಗೆ ಇಟ್ಟಿರಿ ಅಂತ ಕೇಳಿದರು. ಅಲ್ಲಿಂದ ಮುಂದೆ ಆ ವಸ್ತುಗಳು ಚಿತ್ರದಿಂದ ಹೋದವು. ಚುಕ್ಕಿಗಳು ಹರಡಿಕೊಂಡವು. ಆಚರಣೆಯ ನೆಲಚಿತ್ರದಲ್ಲಿ, ಮೈಬಣ್ಣದಲ್ಲಿ ಚುಕ್ಕಿ ಮೊದಲೂ ಇತ್ತು. ಈಗ ಅದಕ್ಕೆ ಪರದೆಯ ಕೆಲಸವೂ ಬಂತು. ಚಿತ್ರ ಎಲ್ಲರಿಗೂ ಕಾಣುತ್ತದೆ, ಒಳಗಿನ ಮಾತು ಸಲ್ಲುವವರಿಗೆ ಮಾತ್ರ ಸಲ್ಲುತ್ತದೆ. ಮೊದಲ ಕಾಲದ ಕೆಲವು ಹಲಗೆಗಳನ್ನು ಇವತ್ತಿಗೂ ಮ್ಯೂಸಿಯಂನವರು ಹೊರಗೆ ಇಡುವುದಿಲ್ಲ.

ಪಿಂಟುಪಿ ಗಂಡಸರ ಚಿತ್ರಗಳ ಪಕ್ಕ 'ತಿಂಗಾರಿ ಪೂರ್ವಿಕರ ಪಯಣ, ಹೆಚ್ಚಿನ ವಿವರ ಹೇಳುವಂತಿಲ್ಲ' ಅಂತ ಎರಡೇ ಸಾಲು ಇರುವುದನ್ನು ನೀವು ನೋಡಬಹುದು. ಏನೋ ಮುಚ್ಚಿಡುತ್ತಿದ್ದಾರೆ ಅಂತ ಬೇಸರ ಮಾಡಿಕೊಳ್ಳಬೇಡಿ. ಆ ಎರಡು ಸಾಲು ಹೇಳುವಷ್ಟೇ ಹಕ್ಕು ಅವರು ನಿಮಗೆ ಕೊಟ್ಟಿದ್ದಾರೆ. ನಾನು ಓದಿದ ಅತ್ಯಂತ ಪ್ರಾಮಾಣಿಕ ಫಲಕಗಳು ಅವು.

ಒಂದೇ ಕಥೆ ತುಂಬ ದೂರದವರೆಗೂ ಹೋಗುತ್ತದೆ. ಏಳು ಅಕ್ಕತಂಗಿಯರ ಕಥೆ ಅಂಥದ್ದು. ನ್ಯಿರು ಎಂಬ ಕಾಮುಕ ಅವರ ಬೆನ್ನು ಹತ್ತುತ್ತಾನೆ. ಮರುಭೂಮಿಯ ಉದ್ದಕ್ಕೂ ಓಡುತ್ತಾರೆ. ಅವರು ನಿಂತಲ್ಲಿ ಗುಹೆ, ನೀರು, ಬಂಡೆ. ಕೊನೆಗೆ ಆಕಾಶಕ್ಕೆ ಹಾರಿ ನಾವು ಕೃತ್ತಿಕೆ ಅನ್ನುವ ನಕ್ಷತ್ರಗಳಾಗುತ್ತಾರೆ. ಬೆನ್ನು ಹತ್ತಿದವನು ನಮ್ಮ ಮಹಾವ್ಯಾಧ ಇರುವ ಕಡೆ ಇದ್ದಾನೆ. ಈ ದಾರಿ ಹಲವು ಭಾಷೆಯವರ ನೆಲ ದಾಟುತ್ತದೆ. ತಮ್ಮ ಗಡಿ ಬರುವವರೆಗೆ ಒಬ್ಬರು ಹಾಡುತ್ತಾರೆ, ಅಲ್ಲಿಂದ ಮುಂದಿನದು ಆ ಕಡೆಯವರದು. ಗೊತ್ತಿದ್ದರೂ ಬೇರೆಯವರ ತುಂಡನ್ನು ಹಾಡುವುದಿಲ್ಲ, ಬಿಡಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ ನನಗೆ ಅತ್ಯಂತ ಇಷ್ಟವಾದ ಸಂಗತಿಗೆ ಬರುತ್ತೇನೆ. ಈ ಚಿತ್ರಗಳು ನೆಲದ ದಾಖಲೆ ಅಂದೆನಲ್ಲ, ಅದು ಹೋಲಿಕೆಗೆ ಹೇಳಿದ ಮಾತಾಗಿ ಉಳಿಯಲಿಲ್ಲ. ಒಮ್ಮೆ ನಿಜವಾಗಿಯೂ ದಾಖಲೆಯಾಗಿ ಮುಂದಿಟ್ಟರು.

ಆಸ್ಟ್ರೇಲಿಯಾದ ಉಚ್ಚ ನ್ಯಾಯಾಲಯ 1992ರಲ್ಲಿ ಮಾಬೋ ತೀರ್ಪು ಕೊಟ್ಟಿತು. ಬಿಳಿಯರು ಬರುವ ಮೊದಲು ಈ ನೆಲ ಯಾರದೂ ಆಗಿರಲಿಲ್ಲ ಅನ್ನುವ ವಾದ ಅಲ್ಲಿಗೆ ಬಿದ್ದುಹೋಯಿತು. 1993ರಲ್ಲಿ ಮೂಲನಿವಾಸಿ ಹಕ್ಕಿನ ಕಾಯ್ದೆ ಬಂತು. ಆದರೆ 'ನಮ್ಮ ಕಟ್ಟಳೆಯ ಪ್ರಕಾರ ಈ ನೆಲದೊಂದಿಗೆ ನಂಟು ಮುರಿದಿಲ್ಲ' ಅಂತ ಮೂಲನಿವಾಸಿಗಳೇ ತೋರಿಸಬೇಕು. ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸ್ಯಾಂಡಿ ಮರುಭೂಮಿಯ ವಲ್ಮಜಾರಿ, ವಂಕಜುಂಗಾ, ಮಂಗಲಾ, ಜುವಾಲಿನಿ ಜನ ಅರ್ಜಿ ಹಾಕಿದರು. ಅವರಲ್ಲಿ ತುಂಬ ಜನ ದಶಕಗಳ ಹಿಂದೆಯೇ ಮರುಭೂಮಿ ಬಿಟ್ಟು ಉತ್ತರದ ದನದ ಫಾರಂಗಳಿಗೆ, ಫಿಟ್ಜ್‌ರಾಯ್ ಕ್ರಾಸಿಂಗ್ ಊರಿಗೆ ಬಂದುಬಿಟ್ಟಿದ್ದರು. ವಕೀಲರ ಇಂಗ್ಲಿಷ್ ಅವರಿಗೆ ಬರದು, ಅವರ ಭಾಷೆ ನ್ಯಾಯಮಂಡಳಿಗೆ ಬರದು. ಏನು ಮಾಡುವುದು? ಬಿಡಿಸಿ ತೋರಿಸೋಣ ಅಂದರು.

1997ರಲ್ಲಿ ಪಿರ್ನಿನಿ ಎಂಬ ಜಾಗದಲ್ಲಿ 8 ಮೀಟರ್‌ಗೆ 10 ಮೀಟರ್‌ನ ಕ್ಯಾನ್ವಾಸ್ ಹಾಸಿದರು. ಒಂದು ಸಣ್ಣ ಮನೆಯ ನಿವೇಶನದಷ್ಟು. ನಲವತ್ತಕ್ಕೂ ಹೆಚ್ಚು ಜನ ಅದರ ಮೇಲೆ ಕೂತರು. ಯಾರ ನೆಲ ಎಲ್ಲಿದೆಯೋ ಕ್ಯಾನ್ವಾಸ್‌ನ ಅದೇ ಕಡೆ ಅವರು ಕೂತರು. ಅಕ್ಕಪಕ್ಕದ ಊರಿನವರು ಅಕ್ಕಪಕ್ಕ. ಪ್ರತಿಯೊಬ್ಬರೂ ತಮ್ಮ ತಮ್ಮ ಜಿಲಾ ಬಿಡಿಸಿದರು. ಜಿಲಾ ಅಂದರೆ ಎಂದೂ ಬತ್ತದ ನೀರು, ಮಳೆ ತರುವ ಹಾವು ಮಲಗಿರುವ ಜಾಗ. ಮರುಭೂಮಿಯಲ್ಲಿ ನೀರು ಎಲ್ಲಿದೆ ಅಂತ ಗೊತ್ತಿರುವವನೇ ಆ ನೆಲದವನು. ನ್ಯಾಯಮಂಡಳಿಯವರು ಬಂದಾಗ ಒಬ್ಬೊಬ್ಬರೇ ಎದ್ದು, ಚಿತ್ರದಲ್ಲಿ ತಮ್ಮ ನೆಲದ ಮೇಲೆ ನಿಂತು, ತಮ್ಮ ಭಾಷೆಯಲ್ಲೇ ಸಾಕ್ಷಿ ಹೇಳಿದರು. ಬೇರೆಯವರ ತುಂಡಿನ ಮೇಲೆ ನಿಂತು ಯಾರೂ ಮಾತಾಡಲಿಲ್ಲ.

ತೀರ್ಪು ಬರಲು ಹತ್ತು ವರ್ಷ ಹಿಡಿಯಿತು. 2007ರ ನವೆಂಬರ್‌ನಲ್ಲಿ ಸುಮಾರು 77,000 ಚದರ ಕಿಲೋಮೀಟರ್ ಮೇಲೆ ಅವರ ಹಕ್ಕನ್ನು ಒಪ್ಪಿದರು. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡ ನೆಲ ಅದು. ಕ್ಯಾನ್ವಾಸ್ ಬಿಡಿಸಿದವರಲ್ಲಿ ಕೆಲವರು ಆ ದಿನ ನೋಡಲು ಉಳಿದಿರಲಿಲ್ಲ. ಆ ಕ್ಯಾನ್ವಾಸ್‌ಗೆ ಇಟ್ಟ ಹೆಸರು ಎನ್‌ಗುರ್ರಾರಾ, ನಮ್ಮ ಊರು ಅಂತ ಅರ್ಥ.

ಚಿತ್ರ ಜನರನ್ನು ಊರಿಗೆ ಕರೆದೊಯ್ದ ಇನ್ನೊಂದು ಸಂಗತಿ ಪಿಂಟುಪಿಗಳದು. ಪಾಪುನ್ಯಾದಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ, 1981ರಲ್ಲಿ ಅವರು ಪಶ್ಚಿಮಕ್ಕೆ ಹೊರಟು ಕಿಂಟೋರ್ ಎಂಬಲ್ಲಿ ತಮ್ಮ ಊರು ಕಟ್ಟಿದರು. ಆದರೆ ಮೂತ್ರಪಿಂಡದ ಕಾಯಿಲೆ ಬಿಡಲಿಲ್ಲ. ಡಯಾಲಿಸಿಸ್ ಬೇಕಾದರೆ 500 ಕಿಲೋಮೀಟರ್ ದೂರದ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ ಅಲ್ಲೇ ಇರಬೇಕು. ವಾರಕ್ಕೆ ಮೂರು ಸಲ ಯಂತ್ರ ಬೇಕು ಅಂದರೆ ವಾಪಸ್ ಬರುವ ಮಾತೇ ಇಲ್ಲ. ಹಿರಿಯರು ಪಟ್ಟಣದಲ್ಲಿ ಒಂಟಿಯಾಗಿ ಸಾಯುತ್ತಿದ್ದರು. ಅವರೊಂದಿಗೆ ಹಾಡು ಹೋಗುತ್ತಿತ್ತು, ನೆಲದ ಲೆಕ್ಕ ಹೋಗುತ್ತಿತ್ತು.

ಕಿಂಟೋರ್ ಮತ್ತು ಅದರಾಚೆ ಪಶ್ಚಿಮಕ್ಕಿರುವ ಕಿವಿರ್ಕುರಾ ಊರಿನ ಗಂಡಸರು, ಹೆಂಗಸರು ಬೇರೆ ಬೇರೆ ಗುಂಪಾಗಿ ಕೂತು ನಾಲ್ಕು ದೊಡ್ಡ ಚಿತ್ರ ಬಿಡಿಸಿದರು. 2000ದ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಹರಾಜು. ಬೇರೆ ಚಿತ್ರಗಳೂ ಸೇರಿ ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ ಬಂತು. ಆ ಹಣದಿಂದ ಸ್ವಂತ ಸಂಸ್ಥೆ ಕಟ್ಟಿದರು. ಜನ ಅದನ್ನು ಪರ್ಪಲ್ ಹೌಸ್ ಅಂತ ಕರೆಯುತ್ತಾರೆ. 2004ರಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಶುರುವಾಯಿತು. ಇವತ್ತು ಹತ್ತಕ್ಕೂ ಹೆಚ್ಚು ದೂರದ ಊರುಗಳಲ್ಲಿ ಯಂತ್ರಗಳಿವೆ. ಊರಿನ ಚಿತ್ರ ಮಾರಿ ಊರಲ್ಲೇ ಬದುಕುವ ದಾರಿ ಮಾಡಿಕೊಂಡರು. ಇದನ್ನು ಪಾಠ ಮಾಡುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ.

ಎಲ್ಲ ಕಡೆ ಹೀಗೆ ಒಳ್ಳೆಯದೇ ಆಗಲಿಲ್ಲ. ಜಾನಿ ವರಂಗುಲಾ ಚುಪುರುಲಾ 1972ರಲ್ಲಿ ಕಲಿಪಿನ್ಪಾ ಎಂಬ ಮಳೆಯ ಜಾಗದ ಚಿತ್ರ ಬಿಡಿಸಿ 150 ಡಾಲರ್ ಪಡೆದಿದ್ದರು. 1997ರಲ್ಲಿ ಅದು 2,06,000 ಡಾಲರ್‌ಗೆ, 2000ದಲ್ಲಿ 4,86,500 ಡಾಲರ್‌ಗೆ ಕೈ ಬದಲಾಯಿಸಿತು. ಬಿಡಿಸಿದವರಿಗೆ ಏನೂ ಸಿಗಲಿಲ್ಲ. ಆಗ ಅವರು ಮುದುಕರು, ಕೈಯಲ್ಲಿ ಕಾಸಿರಲಿಲ್ಲ. ಕ್ಲಿಫರ್ಡ್ ಪಾಸಮ್ ಚಪಲ್ಚಾರಿಯವರ 1977ರ ಬೆಂಕಿ ಕಥೆಯ ಚಿತ್ರವನ್ನು ಒಂದು ಬ್ಯಾಂಕ್ 1,200 ಡಾಲರ್‌ಗೆ ಕೊಂಡಿತ್ತು. 2007ರಲ್ಲಿ ಅದರ ಬೆಲೆ 24 ಲಕ್ಷ. ಆಗ ಅವರು ತೀರಿಕೊಂಡು ಐದು ವರ್ಷವಾಗಿತ್ತು. ಇಂಥವನ್ನೆಲ್ಲ ಕಂಡು ಕೊನೆಗೂ ಕಾಯ್ದೆ ಬಂತು. 2010ರ ಜೂನ್‌ನಿಂದ ಚಿತ್ರ 1,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿಗೆ ಮರುಮಾರಾಟವಾದರೆ ಶೇಕಡಾ 5ರಷ್ಟು ಕಲಾವಿದರಿಗೆ ಇಲ್ಲವೇ ಅವರ ವಾರಸುದಾರರಿಗೆ ಹೋಗಬೇಕು.

ಈಗ ಮಗಳ ವಿಷಯ. ಗ್ಯಾಲರಿಯಲ್ಲಿ ನೋಡಿದ ಚಿತ್ರವನ್ನು ನಕಲು ಮಾಡುವುದು ಬೇಡ. ಆ ವೃತ್ತ, ಲಾಳ, ಹೆಜ್ಜೆಗಳನ್ನು ತಂದು ಸುಮ್ನೆ ಜೋಡಿಸುವುದೂ ಬೇಡ. ಮಗು ತಾನೇ, ಯಾರಿಗೆ ತೊಂದರೆ ಅನ್ನಿಸಬಹುದು. ಆದರೆ ಅಲ್ಲಿನ ಮಕ್ಕಳೇ ಬೇರೆಯವರ ಕಥೆ ಬಿಡಿಸುವುದಿಲ್ಲ ಅನ್ನುವುದನ್ನು ನೆನಪಿಡಿ. ದೊಡ್ಡವರ ಮಟ್ಟದಲ್ಲಿ ಇದು ಕೋರ್ಟಿಗೂ ಹೋಗಿದೆ. ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಕೇಳದೆ ವಿಯೆಟ್ನಾಂನಲ್ಲಿ ಕಾರ್ಪೆಟ್ ಮೇಲೆ ನೇಯಿಸಿ ಪರ್ತ್‌ನ ವ್ಯಾಪಾರಿಯೊಬ್ಬರು ಮಾರಿದ್ದರು. ಪವಿತ್ರ ಜಾಗದ ಚಿತ್ರ ಕಾಲಕೆಳಗೆ ಬಂತು. 1994ರಲ್ಲಿ ಫೆಡರಲ್ ಕೋರ್ಟ್ ಸುಮಾರು 1,88,000 ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪು ಕೊಟ್ಟಿತು. ತಮ್ಮ ಸಮಾಜದಲ್ಲಿ ಆ ಕಲಾವಿದರಿಗೆ ಆದ ನೋವನ್ನೂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತು. ಯಾಕೆಂದರೆ ಚಿತ್ರ ದುರ್ಬಳಕೆಯಾದರೆ ಊರವರು ದೂರುವುದು ಅದನ್ನು ಕಾಯಬೇಕಾಗಿದ್ದ ಕಲಾವಿದನನ್ನೇ.

ಹಾಗಾದರೆ ಅವಳು ಏನು ಬಿಡಿಸಲಿ? ಒಂದು ಸಲಹೆ ಕೊಡುತ್ತೇನೆ. ಅಜ್ಜಿಯ ಊರನ್ನು ಮೇಲಿನಿಂದ ನೋಡಿದ ಹಾಗೆ ಬಿಡಿಸಲಿ. ಬಾವಿ ಎಲ್ಲಿ, ಹುಣಸೆಮರ ಎಲ್ಲಿ, ಎಮ್ಮೆ ಯಾವ ದಾರಿಯಲ್ಲಿ ಕೆರೆಗೆ ಹೋಗುತ್ತದೆ, ಅಜ್ಜಿ ಎಲ್ಲಿ ಕೂತು ಸೊಪ್ಪು ಬಿಡಿಸುತ್ತಾರೆ. ಗುರುತುಗಳನ್ನು ಅವಳೇ ಹುಟ್ಟಿಸಲಿ. ತಪ್ಪಿದ್ದರೆ ಫೋನಿನಲ್ಲಿ ಅಜ್ಜಿ ತಿದ್ದಲಿ. ಜೊತೆಗೆ ಎಮಿಲಿ ಯಾರು, ಯಾವ ಊರಿನವರು ಅಂತ ನಾಲ್ಕು ಸಾಲು ಬರೆದುಕೊಂಡು ಹೋಗಲಿ. ಇನ್ನೊಂದು ಮಾತೂ ಅವಳಿಗೆ ಹೇಳಿ. ಚುಕ್ಕಿ ಚಿತ್ರ ಮರುಭೂಮಿಯವರದು. ನೀವಿರುವ ಮೆಲ್ಬರ್ನ್ ಕುಲಿನ್ ಜನರ ನೆಲ. ಅವರದು ಬೇರೆಯೇ ಪರಂಪರೆ. ಪಾಸಮ್ ಪ್ರಾಣಿಯ ಚರ್ಮದ ಹೊದಿಕೆಯ ಒಳಮೈ ಮೇಲೆ ಗೀರಿ ಗೆರೆ, ವಜ್ರದಾಕಾರ ಮೂಡಿಸುತ್ತಿದ್ದರು. ಊರಿನ ಮ್ಯೂಸಿಯಂನಲ್ಲಿ ಹತ್ತೊಂಬತ್ತನೇ ಶತಮಾನದ ಅಂಥ ಹೊದಿಕೆ ಇದೆ.

ಕೊಳ್ಳುವ ವಿಷಯ ಚಿಕ್ಕದು. ಕಲಾವಿದರೇ ಒಡೆಯರಾಗಿರುವ ಕಲಾಕೇಂದ್ರದಿಂದ, ಇಲ್ಲವೇ ಅಂಥ ಕೇಂದ್ರದಿಂದ ತರಿಸುವ ಗ್ಯಾಲರಿಯಿಂದ ತೆಗೆದುಕೊಳ್ಳಿ. ಪಾಪುನ್ಯಾ ಟುಲಾ ಆಲಿಸ್ ಸ್ಪ್ರಿಂಗ್ಸ್‌ನಲ್ಲಿದೆ. ಯೂಎಂಡುಮು ಎಂಬ ವಾರ್ಲ್ಪಿರಿ ಊರಿನ ವಾರ್ಲುಕುರ್ಲಂಗು ಕಲಾಕೇಂದ್ರ 1985ರಿಂದ ಇದೆ, ಅಲ್ಲಿ ಚಿಕ್ಕ ಚಿತ್ರಗಳು ಮಧ್ಯಮ ವರ್ಗದವರ ಕೈಗೂ ಎಟಕುತ್ತವೆ. ಚಿತ್ರದೊಂದಿಗೆ ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಬಿಡಿಸಿದವರ ಹೆಸರು, ಕಥೆ, ಯಾವ ಜಾಗ ಅನ್ನುವುದೆಲ್ಲ ಇರಬೇಕು. ಯಾವ ಜಾಗ ಅಂತ ಅಂಗಡಿಯವರಿಗೆ ಹೇಳಲು ಬರದಿದ್ದರೆ ಕೊಳ್ಳಬೇಡಿ. ಪ್ರವಾಸಿ ಅಂಗಡಿಗಳಲ್ಲಿ ಚುಕ್ಕಿ ಹಾಕಿದ ಬೂಮರಾಂಗ್‌ಗಳು ರಾಶಿ ಬಿದ್ದಿರುತ್ತವೆ. ಅವುಗಳಲ್ಲಿ ಎಷ್ಟೋ ಮೂಲನಿವಾಸಿಗಳು ಮಾಡಿದ್ದೇ ಅಲ್ಲ.

ಮನೆಯಲ್ಲಿ ತೂಗುಹಾಕಿದ ಮೇಲೆ ಬಂದವರು ಇದೇನು ಅಂತ ಕೇಳುತ್ತಾರೆ. ಪ್ರಮಾಣಪತ್ರದಲ್ಲಿ ಇರುವಷ್ಟನ್ನು ಹೇಳಿ, ಅಲ್ಲಿಗೆ ಸಾಕು. ಗ್ಯಾಲರಿಗೆ ಮತ್ತೊಮ್ಮೆ ಹೋದಾಗ ಆ ಕಪ್ಪು ಕ್ಯಾನ್ವಾಸ್ ಮುಂದೆ ಮಗಳನ್ನು ನೆಲದ ಮೇಲೆ ಕೂರಿಸಿ. ಎಮಿಲಿ ಬಿಡಿಸಿದ್ದು ಕೂತುಕೊಂಡೇ. ಒಂದು ಬೇರನ್ನು ಹಿಡಿದು ಕಣ್ಣಿನಿಂದ ಎಲ್ಲಿಯವರೆಗೆ ಹೋಗಲು ಆಗುತ್ತದೆ ಅಂತ ಅವಳು ನೋಡಲಿ.